ರುಮೆನಾಳ ಗಾಳಿ

ಹೊರಡುವಾಗ ತಿಹೊಮಿರ್ ಹೆಂಡತಿಯ ಹಿಂದೆ ಮೆಟ್ಟಿಲ ಮೇಲೆ ಒಂದು ತಂಬಿಗೆ ನೀರು ಚೆಲ್ಲಿದ. ಹೋಗುವವರ ದಾರಿ ನೀರಿನಂತೆ ಸಲೀಸಾಗಿ ಹರಿಯಲಿ ಎಂದು ನಮ್ಮಲ್ಲಿ ಎಲ್ಲರೂ ಚೆಲ್ಲುತ್ತಾರೆ. ಆದರೆ ಅವತ್ತಿನ ಫೆಬ್ರವರಿ ಚಳಿ ಎಂಥದ್ದೆಂದರೆ, ರುಮೆನಾ ಕಾರಿನ ಬಾಗಿಲು ತೆಗೆದು ತಿರುಗಿ ನೋಡುವಷ್ಟರಲ್ಲಿ ಮೆಟ್ಟಿಲ ಅಂಚಿನಲ್ಲಿ ಆ ನೀರು ಆಗಲೇ ಬಿಳಿಚಿಕೊಳ್ಳತೊಡಗಿತ್ತು.

"ಹರೀಲೇ ಇಲ್ಲ ನೋಡಿ," ಎಂದಳು.

"ನೀನು ಹಿಂದೆ ತಿರುಗಿ ಯಾಕೆ ನೋಡ್ದೆ? ಮುಂದೆ ನೋಡ್ಕೊಂಡು ಹೋಗೋದು ಕಲಿ ಇನ್ನಾದ್ರೂ," ಎಂದು ತಿಹೊಮಿರ್ ಗದರಿದ. ಗದರಿದ ಮೇಲೆ ಪಾಪ ಎನಿಸಿರಬೇಕು, ಕಾರಿನಲ್ಲಿ ಕೂತವನೇ ತನ್ನ ಕಡೆಯ ಕಿಟಕಿಯನ್ನು ಅವಳಿಗಾಗಿ ಎರಡು ಬೆರಳಿನಷ್ಟು ಇಳಿಸಿದ. ಆ ಚಳಿಯಲ್ಲಿ, ಕತ್ತು ನೋವಿನ ಮನುಷ್ಯ. ಅದಕ್ಕಿಂತ ದೊಡ್ಡ ಪ್ರೀತಿಯ ಮಾತು ಅವನ ಬಾಯಲ್ಲಿ ಬರುವುದಿಲ್ಲ.

ನಮ್ಮ ನೀಶ್ ಊರಿನ ಜನಕ್ಕೆ ಯುದ್ಧ ಕಂಡು ಗೊತ್ತು, ಬರಗೆಟ್ಟ ಸರ್ಕಾರಗಳನ್ನು ಕಂಡು ಗೊತ್ತು. ಅವರು ನಿಜವಾಗಿ ಹೆದರುವುದು ಮಾತ್ರ ಪ್ರೊಮಾಯಕ್ಕೆ. ಎದುರುಬದುರು ಬಾಗಿಲು ಕಿಟಕಿ ತೆರೆದಾಗ ಮನೆಯೊಳಗೆ ಹಾಯುತ್ತದಲ್ಲ, ಆ ಗಾಳಿಗೆ. ಅದು ತಾಕಿದರೆ ಕತ್ತು ಹಿಡಿಯುತ್ತದೆ, ಕಿವಿ ಸೋರುತ್ತದೆ, ಸೊಂಟ ಬೀಳುತ್ತದೆ, ಬಾಯಿ ಸೊಟ್ಟಗಾಗುತ್ತದೆ. ಡಾಕ್ಟರುಗಳು ಎಷ್ಟು ಬೇಕಾದರೂ ನಗಲಿ, ಅದೇ ಡಾಕ್ಟರುಗಳು ಮನೆಗೆ ಹೋಗಿ ಮೊದಲು ಮಾಡುವ ಕೆಲಸ ಕಿಟಕಿ ಮುಚ್ಚುವುದು. ಇಂಥ ಊರಿನಲ್ಲಿ ಬಾಗಿಲು ತೆರೆದಿಟ್ಟುಕೊಂಡು ಬದುಕುವ ಹೆಂಗಸು ಒಬ್ಬಳೇ, ರುಮೆನಾ. ಮಲಗುವ ಕೋಣೆಯ ಬಾಗಿಲು ತೆರೆದು, ಬಚ್ಚಲ ಬಾಗಿಲನ್ನೂ ಅರ್ಧ ತೆರೆದು. ಅತ್ತೆ ಇದ್ದಷ್ಟು ದಿನ "ನನ್ನನ್ನ ಕೊಲ್ಲೋಕೇ ಇವಳು ಕಿಟಕಿ ತೆಗೀತಾಳೆ" ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದಳು. ಎಂಬತ್ತೊಂಬತ್ತನೇ ವಯಸ್ಸಿಗೆ ಸತ್ತಳು, ಅದಕ್ಕೂ ಪ್ರೊಮಾಯವೇ ಕಾರಣ ಎಂದು ನಂಬಿದವರಿದ್ದಾರೆ.

ರುಮೆನಾ ಮೊದಲಿನಿಂದ ಹೀಗಿರಲಿಲ್ಲ. ತೊಂಬತ್ತೊಂಬತ್ತನೇ ಇಸವಿಯ ವಸಂತದಲ್ಲಿ, ಯುದ್ಧದ ಬಾಂಬು ಬೀಳುತ್ತಿದ್ದಾಗ ಅವರ ಬೀದಿಯವರೆಲ್ಲ ಒಂದು ನೆಲಮಾಳಿಗೆಗೆ ಇಳಿಯುತ್ತಿದ್ದರು. ಒಂದು ಸಲ ಹತ್ತಿರದಲ್ಲೇ ಎಲ್ಲೋ ಬಿದ್ದ ಹೊಡೆತಕ್ಕೆ ಮೇಲಿನ ಗೋಡೆ ಕುಸಿದು ಮಾಳಿಗೆಯ ಬಾಗಿಲು ಸಿಕ್ಕಿಕೊಂಡಿತು. ಹೊರಗಿನವರು ಕಲ್ಲು ತೆಗೆದು ಅದನ್ನು ತೆರೆಯುವಷ್ಟರಲ್ಲಿ ಮಾರನೆಯ ಸಂಜೆಯಾಗಿತ್ತು. ಒಳಗೆ ಇಪ್ಪತ್ತು ಮಂದಿ, ಒಂದು ಆರಿದ ಲಾಟೀನು, ಗೋಡೆಯುದ್ದಕ್ಕೂ ಹುಳಿ ಎಲೆಕೋಸಿನ ಪೀಪಾಯಿಗಳು. ಬಾಗಿಲ ಕೆಳಗೆ ಒಂದು ಸಂದಿಯಿತ್ತು. ರುಮೆನಾ ಮೂರು ವರ್ಷದ ಮಗಳು ದುನ್ಯಾಳನ್ನು ನೆಲದ ಮೇಲೆ ಮಲಗಿಸಿ ಆ ಸಂದಿಗೆ ಮಗುವಿನ ಮುಖ ಹಿಡಿದಳು. ತಾನು ಅವಳ ಬೆನ್ನಿನ ಹಿಂದೆ, ಕೋಸಿನ ಹುಳಿ ವಾಸನೆಯಲ್ಲಿ, ಬಾಯಿ ತೆರೆದುಕೊಂಡು ಕೂತಳು. ಅವತ್ತಿನಿಂದ ಮುಚ್ಚಿದ ಬಾಗಿಲೆಂದರೆ ಅವಳಿಗೆ ಯಾರೋ ಎದೆಯ ಮೇಲೆ ಬಂದು ಕೂತಂತೆ.

ಮಗಳಿಗೆ ಇದೇನೂ ನೆನಪಿಲ್ಲ. ಅವಳಿಗೆ ನೆನಪಿರುವುದು ಚಳಿಗಾಲವಿಡೀ ತೆರೆದಿರುತ್ತಿದ್ದ ಬಾಗಿಲು, ಸದಾ ಸೋರುತ್ತಿದ್ದ ಮೂಗು, "ನಿಮ್ಮಮ್ಮನಿಗೆ ತಲೆ ಕೆಟ್ಟಿದ್ಯಾ?" ಎಂದು ಕೇಳುತ್ತಿದ್ದ ಗೆಳತಿಯರು. ದೊಡ್ಡವಳಾದ ಮೇಲೆ ಮಾಲ್ಟಾಕ್ಕೆ ಹೋಗಿ ಹೋಟೆಲಿನಲ್ಲಿ ಕೆಲಸಕ್ಕೆ ಸೇರಿದಳು, ಅಲ್ಲೇ ಹಡಗಿನ ಅಡುಗೆಯವನೊಬ್ಬನನ್ನು ಮದುವೆಯಾದಳು. ಆ ಮದುವೆಗೆ ರುಮೆನಾ ಹೋಗಲಿಲ್ಲ. ಹೋಗಲಿಲ್ಲ ಎನ್ನುವುದು ತಪ್ಪು; ಹೊಸದೊಂದು ಉದ್ದ ನಿಲುವಂಗಿ ಹೊಲಿಸಿಕೊಂಡು, ಕೂದಲು ಸೆಟ್ ಮಾಡಿಸಿಕೊಂಡು, ವಿಮಾನದ ಮೆಟ್ಟಿಲು ಹತ್ತಿ, ಒಳಗಿನ ಆ ಉದ್ದನೆಯ ಕೊಳವೆಯನ್ನು ಒಮ್ಮೆ ನೋಡಿ, ಬಂದ ದಾರಿಯಲ್ಲೇ ಓಡಿ ಮನೆಗೆ ಬಂದಳು. ಗಂಡ ಒಬ್ಬನೇ ಹೋಗಿ ಮಗಳ ಮದುವೆ ಮುಗಿಸಿಕೊಂಡು ಬಂದ. ಊರಿಗೆಲ್ಲ ಮೂತ್ರಪಿಂಡದ ಕಲ್ಲು ಎಂದು ಹೇಳಿದ್ದಾಯಿತು. ದುನ್ಯಾ ಜಗಳವಾಡಲಿಲ್ಲ. "ಹುಷಾರಾಗಿರು" ಎಂದಳು, ಅಷ್ಟೇ. ಅಂದಿನಿಂದ ಅವಳ ಫೋನು ಹವಾಮಾನ ವರದಿಯಷ್ಟೇ ಚಿಕ್ಕದಾಯಿತು.

ಈಗ, ಐದು ದಿನದ ಹಿಂದೆ, ದಿನ ತುಂಬುವ ಮೊದಲೇ ದುನ್ಯಾಳಿಗೆ ಹೊಟ್ಟೆ ಕೊಯ್ದು ಹೆರಿಗೆ ಮಾಡಿಸಿದ್ದರು. ಗಂಡ ಎಲ್ಲೋ ನಡುಸಮುದ್ರದಲ್ಲಿ. ಆಸ್ಪತ್ರೆಯಿಂದ ಫೋನು ಬಂತು.

"ಅಮ್ಮ, ಬರ್ತೀಯಾ? ಬರೋಕಾಗಲ್ಲ ಅಂದ್ರೆ ಈಗ್ಲೇ ಹೇಳಿಬಿಡು. ಬೇರೆ ಯಾರನ್ನಾದ್ರೂ ನೋಡ್ಕೋತೀನಿ."

ಬೇರೆ ಯಾರನ್ನಾದರೂ. ಬಾಣಂತಿ ಮಗಳು ತಾಯಿಗೆ ಹೇಳಿದ ಮಾತು ಇದು. ಬೈದಿದ್ದರೆ ರುಮೆನಾ ತಡೆದುಕೊಳ್ಳುತ್ತಿದ್ದಳು. "ಬರ್ತೀನಿ" ಎಂದಳು. ಆ ಕಡೆ ದುನ್ಯಾ ಏನೂ ಹೇಳಲಿಲ್ಲ. ನಂಬಲಿಲ್ಲ ಎಂದು ಅರ್ಥ. ಈ ಸಲವೂ ವಾಪಸು ಬಂದರೆ ಮಗಳು ತನ್ನ ಪಾಲಿಗೆ ಇಲ್ಲ ಎನ್ನುವುದು ರುಮೆನಾಳಿಗೆ ಹಗಲಿನಷ್ಟು ಸ್ಪಷ್ಟವಾಗಿತ್ತು.

ವಿಮಾನದ ಬಾಗಿಲಲ್ಲಿ ಈ ಸಲ ಅವಳು ಒಳಗೆ ನೋಡಲೇ ಇಲ್ಲ. ಮುಂದಿದ್ದವನ ಕೋಟಿನ ಬೆನ್ನನ್ನೇ ನೋಡುತ್ತ ನಡೆದು, ಓಣಿಯ ಪಕ್ಕದ ತನ್ನ ಸೀಟಿನಲ್ಲಿ ಕುಸಿದಳು. ತಲೆಯ ಮೇಲೆ ಗಾಳಿ ಬಿಡುವ ಪುಟ್ಟ ಮೂತಿಯೊಂದಿತ್ತು, ನಲ್ಲಿಯ ಹಾಗೆ ತಿರುಗಿಸುವಂಥದ್ದು. ತಿಹೊಮಿರ್ ಅದರ ವಿಷಯ ಹತ್ತು ಸಲ ಹೇಳಿ ಕಳಿಸಿದ್ದ. ರುಮೆನಾ ಅದನ್ನು ತಿರುಗಿಸಿದಳು. ತಣ್ಣನೆಯ ಎಳೆಯೊಂದು ಹಣೆಗೆ ಬಂದು ತಾಕಿತು. ಆಗುತ್ತೆ, ಎಂದುಕೊಂಡಳು. ಈ ಒಂದೆಳೆ ಹಿಡಿದುಕೊಂಡು ಹೇಗೋ ಹೋಗಿಬಿಡುತ್ತೇನೆ.

ನಡುವಿನ ಸೀಟಿನಲ್ಲಿ ಆಗಲೇ ಒಬ್ಬ ಮುದುಕಿ ಕೂತಿದ್ದಳು. ಕರಿ ತಲೆವಸ್ತ್ರ, ಮೂರು ಸ್ವೆಟರು, ಕಾಲ ಬುಡದಲ್ಲಿ ಬಿರಿಯುವಂತೆ ತುಂಬಿದ ಚೀಲ. ಮುದುಕಿ ಕೈ ಮೇಲೆತ್ತಿ ರುಮೆನಾಳ ಮೂತಿಯನ್ನು ಟಕ್ಕನೆ ಮುಚ್ಚಿದಳು.

"ಪ್ರೊಮಾಯ ಮಗಳೇ. ನಿನಗೆ ಗೊತ್ತಾಗ್ಲಿಲ್ಲ ಅಂತ ಕಾಣುತ್ತೆ, ತೆರೆದೇ ಇತ್ತು."

"ನಾನೇ ತೆಗೆದಿದ್ದು ಅಜ್ಜಿ. ನನಗೆ ಗಾಳಿ ಬೇಕು," ಎಂದು ರುಮೆನಾ ಮತ್ತೆ ತೆರೆದಳು.

"ಬೇಕಂತೆ! ನನ್ನ ಅಕ್ಕನ ಬಾಯಿ ಕಿವಿ ತನಕ ಹೋಗಿತ್ತು, ಒಂದೇ ಒಂದು ಬಸ್ ಪ್ರಯಾಣದಲ್ಲಿ. ಸಾಯೋ ತನಕ ಸೂಪು ಕುಡಿದ್ರೆ ಅರ್ಧ ಎದೆ ಮೇಲೆ." ಮುದುಕಿ ಮತ್ತೆ ಮುಚ್ಚಿದಳು. "ನಾನು ಸ್ತಾಮೆನಾ. ಮೊಮ್ಮಗನ ಹತ್ರ ಹೊರಟಿದೀನಿ. ಸೊಟ್ಟ ಬಾಯಿ ಇಟ್ಕೊಂಡು ಹೋಗಿ ಇಳಿಯೋಕೆ ಆಗಲ್ಲ."

"ಸರಿಯಾಗಿ ಹೇಳಿದ್ರಿ," ಎಂದ ಕಿಟಕಿಯ ಪಕ್ಕದವನು, ದಪ್ಪ ಕತ್ತಿನ ಗಾರೆ ಕೆಲಸದವನು. ಅವನು ತನ್ನ ತಲೆಯ ಮೇಲಿನ ಮೂತಿಗೆ ಕಾಗದದ ಕರವಸ್ತ್ರ ತುರುಕಿ, ಕತ್ತಿಗೊಂದು ಟವೆಲ್ಲು ಸುತ್ತಿಕೊಂಡಾಗಿತ್ತು.

ರುಮೆನಾ ಕತ್ತೆತ್ತಿ ನೋಡಿದಳು. ಹಿಂದೆ ಮುಂದೆ ಎಲ್ಲ ಸಾಲುಗಳಲ್ಲೂ ಕೈಗಳು ಮೇಲೇಳುತ್ತಿದ್ದವು. ಟಕ್, ಟಕ್, ಟಕ್. ಬೆಲ್ಟು ಕಟ್ಟಿಕೊಳ್ಳುವ ಮೊದಲೇ ನಮ್ಮ ಜನ ವಿಮಾನದ ಗಾಳಿಯನ್ನೆಲ್ಲ ಒಂದೊಂದಾಗಿ ಮುಚ್ಚುತ್ತಿದ್ದರು. ಆಮೇಲೆ ಮುಂದಿನ ಬಾಗಿಲನ್ನು ಯಾರೋ ಒಳಗೆಳೆದರು. ಹಿಡಿ ತಿರುಗಿದ ಸದ್ದು ಅವಳ ಹೊಟ್ಟೆಯೊಳಗೇ ಕೇಳಿಸಿತು.

ಹೊರಡುವುದಾದರೂ ಹೊರಟಿತೇ? ವಿಮಾನ ನಾಲ್ಕು ಮಾರು ಸರಿದು ನಿಂತುಬಿಟ್ಟಿತು. ಪೈಲಟ್ಟು ನಿದ್ದೆಗಣ್ಣಿನ ದನಿಯಲ್ಲಿ, ಮಂಜು ಇಳಿದಿದೆ, ಓಡುದಾರಿ ಕಾಣುತ್ತಿಲ್ಲ, ಸ್ವಲ್ಪ ಕಾಯಬೇಕು ಎಂದ. ಸ್ವಲ್ಪ ಎಂದರೆ ಎಷ್ಟು ಎಂದು ಹೇಳಲಿಲ್ಲ. ಕಿಟಕಿಗಳಾಚೆ ಬರೀ ಬಿಳಿ, ಗೋಡೆ ಕಟ್ಟಿದ ಹಾಗೆ.

ಜನರ ಉಸಿರಿಗೆ, ಚಳಿಯ ಕೋಟುಗಳಿಗೆ ಒಳಗೆ ಸೆಕೆ ಏರತೊಡಗಿತು. ಅಂಗೈ ಬೆವರಿತು. ರುಮೆನಾ ಎದುರಿನ ಸೀಟಿನ ಹೊಲಿಗೆ ನೋಡಿದಳು. ದುನ್ಯಾಳ ಮುಖ ನೆನೆಯಲು ಹೋದಳು. ಬಂದದ್ದು ಫೋನಿನಲ್ಲಿ ಕೇಳಿದ ಆ ಮೌನ. ಕೊರಳಿನ ಗುಂಡಿ ಬಿಚ್ಚಿದಳು. ಇನ್ನೊಂದು ಬಿಚ್ಚಿದಳು. ಸೂರು ಇನ್ನಷ್ಟು ಕೆಳಗೆ ಬಂದಿದೆಯೋ? ಇಲ್ಲ, ಸುಳ್ಳು, ಸೂರು ಎಲ್ಲಾದರೂ ಬರುತ್ತದೆಯೇ. ಆದರೂ ಬಂದಿತ್ತು.

ಆಗಲೇ ಆ ವಾಸನೆ ಬಂದಿದ್ದು. ಮೊದಲು ಸಣ್ಣಗೆ, ಆಮೇಲೆ ಗಂಟಲಿಗೇ. ಹುಳಿ ಎಲೆಕೋಸು. ಮುದುಕಿಯ ಚೀಲದಿಂದ. ಮೊಮ್ಮಗನಿಗೆಂದು ಪೀಪಾಯಿಯಿಂದ ತೆಗೆದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಇಡೀ ಕೋಸಿನ ಗೆಡ್ಡೆ. ಪರದೇಶದಲ್ಲಿರುವ ಮಕ್ಕಳಿಗೆ ಅದನ್ನು ಹೊರದ ಅಜ್ಜಿ ನಮ್ಮಲ್ಲಿ ಇಲ್ಲ.

ರುಮೆನಾಳಿಗೆ ಆಮೇಲೆ ವಿಮಾನ ಎನ್ನುವುದು ಇರಲಿಲ್ಲ. ಮಾಳಿಗೆಯೇ. ಕತ್ತಲು, ಇಪ್ಪತ್ತು ಮಂದಿಯ ಉಸಿರು, ಮೇಲೆ ಕಲ್ಲು. ಎದೆ ನಗಾರಿಯಾಯಿತು. ಎಳೆದುಕೊಂಡ ಉಸಿರು ಗಂಟಲಿನಲ್ಲೇ ನಿಂತು ಕೆಳಗಿಳಿಯಲೊಲ್ಲದು. ಬೆರಳ ತುದಿಗಳು ಜುಮುಗುಟ್ಟಿ ಮರಗಟ್ಟಿದವು. ಸಾಯುತ್ತಿದ್ದೇನೆ, ಇಲ್ಲೇ, ಈಗಲೇ. ಅವಳು ಬೆಲ್ಟನ್ನು ಕಿತ್ತು ಎದ್ದಳು, ಯಾರ ಕಾಲು ತುಳಿದಳೋ, ಮುಂದಿನ ಬಾಗಿಲಿಗೆ ಹೋಗಿ ಎರಡೂ ಅಂಗೈಯಿಂದ ಬಡಿದಳು.

"ತೆಗೀರಿ! ತೆಗೀರಿ ಇದನ್ನ! ಗಾಳಿ ಇಲ್ಲ, ಒಳಗೆ ಗಾಳಿ ಇಲ್ಲ!"

ಗಗನಸಖಿ ಓಡಿ ಬಂದು ಅವಳ ತೋಳು ಹಿಡಿದಳು. ಚಿಕ್ಕ ವಯಸ್ಸಿನ ಹುಡುಗಿ, ಬಾಗಿಲಿಗೂ ರುಮೆನಾಳಿಗೂ ನಡುವೆ ತಾನು ನುಸುಳಿಕೊಂಡಳು.

"ಅಮ್ಮಾ, ನನ್ನ ಕಡೆ ನೋಡಿ. ಗಾಳಿ ಇದೆ. ಕೂತ್ಕೊಳ್ಳಿ, ನೀರು ಕೊಡ್ತೀನಿ."

"ನೀರು ಬೇಡ. ಬಾಗಿಲು ತೆಗಿ ತಾಯಿ, ನಿನ್ನ ಕಾಲಿಗೆ ಬೀಳ್ತೀನಿ."

ಹುಡುಗಿ ದನಿ ತಗ್ಗಿಸಿದಳು. "ತೆಗೆಸಬಹುದು. ಕ್ಯಾಪ್ಟನ್‌ಗೆ ಹೇಳ್ತೀನಿ, ವಾಪಸು ಹೋಗಿ ಮೆಟ್ಟಿಲು ತರಿಸ್ತೀವಿ. ಆದ್ರೆ ಒಂದು ಸಲ ಇಳಿದ್ರೆ ಮತ್ತೆ ಹತ್ತೋಕಾಗಲ್ಲ. ನಿಮ್ಮ ಸಾಮಾನು ಹುಡುಕಿ ಇಳಿಸ್ಬೇಕು, ನಮ್ಮ ಸರದಿ ಹೋಗುತ್ತೆ. ಯೋಚನೆ ಮಾಡಿ ಹೇಳಿ. ಇಳೀತೀರಾ?"

ಯೋಚನೆ ಮಾಡಲು ತಲೆ ಎಲ್ಲಿತ್ತು? ಮೆಟ್ಟಿಲು, ಮಂಜು, ಚಳಿ, ಎಷ್ಟು ಬೇಕಾದರೂ ಗಾಳಿ. ಮನೆ. ಮೂತ್ರಪಿಂಡದ ಕಲ್ಲು.

"ಇಳೀತೀನಿ," ಎಂದಳು ರುಮೆನಾ. ಹೇಳಿದ್ದೇ ತಡ, ಅಳು ಬಂತು. ಗೋಡೆಗೆ ಒರಗಿ ಕುಕ್ಕರಿಸಿ, ಬಾಯಿಗೆ ಶಾಲು ಒತ್ತಿಕೊಂಡು ಅತ್ತಳು. ಹುಡುಗಿ ಒಳಗಿನ ಫೋನಿಗೆ ಕೈ ಹಾಕಿದಳು. ಹಿಂದಿನಿಂದ ಗೊಣಗಾಟ ಶುರುವಾಯಿತು.

"ಏನಂತೆ? ಇಳೀತಾಳಂತೆ. ಸರಿ ಹೋಯ್ತು, ಇನ್ನು ಮಧ್ಯಾಹ್ನದ ತನಕ ಇಲ್ಲೇ."

"ಭಯ ಇದ್ರೆ ಮನೇಲಿರ್ಬೇಕಪ್ಪ, ಹತ್ತೋದ್ಯಾಕೆ!"

ಓಣಿಯಲ್ಲಿ ಸ್ತಾಮೆನಾ ಬರುತ್ತಿದ್ದಳು, ಒಂದೊಂದು ಸೀಟನ್ನೂ ಹಿಡಿದು, ಕೂತವರ ತಲೆಗಳ ಮೇಲೂ ಕೈ ಊರುತ್ತ. ಬಂದು ರುಮೆನಾಳ ಎದುರು ನಿಂತಳು.

"ಹೋಗ್ತಾ ಇರೋದು ಯಾರ ಹತ್ರ?"

"ಮಗಳು," ಎಂದಳು ರುಮೆನಾ ಬಿಕ್ಕುತ್ತ. "ಬಾಣಂತಿ. ಹೊಟ್ಟೆ ಕೊಯ್ದಿದ್ದಾರೆ."

"ಹತ್ರ ಯಾರಿದ್ದಾರೆ?"

"ಯಾರೂ ಇಲ್ಲ. ಹಸುಗೂಸು ಎತ್ಕೊಂಡು ಒಬ್ಬಳೇ ಇದ್ದಾಳೆ."

ಮುದುಕಿಗೆ ಸಿಟ್ಟು ಬಂತು, ನಿಜವಾದ ಸಿಟ್ಟು.

"ಮತ್ತೆ ಇಳೀತೀನಿ ಅಂತೀಯಲ್ಲೇ ಕತ್ತೆ! ನಿನಗೇನು ಬೇಕು ಹೇಳು. ಏನಿದ್ರೆ ಕೂತ್ಕೋತೀಯ?"

"ಗಾಳಿ," ಎಂದಳು ರುಮೆನಾ. "ಮತ್ತೆ ಆ ಕೋಸು... ಆ ಕೋಸಿನ ವಾಸನೆ ಬೇಡ."

ಸ್ತಾಮೆನಾಳ ಮುಖ ನೋಡಬೇಕಿತ್ತು. ಕೋಸಿನ ಮಾತಿಗೆ ಅವಳಿಗೆ ಅವಮಾನವಾಗಿತ್ತು, ಗಾಳಿಯ ಮಾತಿಗೆ ಭಯವಾಗಿತ್ತು. ಆ ಭಯ ರುಮೆನಾಳ ಭಯಕ್ಕಿಂತ ಏನೇನೂ ಕಮ್ಮಿಯದಲ್ಲ. ಅಕ್ಕನ ಸೊಟ್ಟ ಬಾಯಿಗೆ ಹದಿನೈದು ವರ್ಷ ಚಮಚದಲ್ಲಿ ಸೂಪು ಹಾಕಿದವಳು ಅವಳೇ. ತಲೆವಸ್ತ್ರದ ಗಂಟನ್ನು ಕಿವಿ ಮುಚ್ಚುವಂತೆ ಕೆಳಗೆಳೆದು ಬಿಗಿದಳು. ಫೋನು ಹಿಡಿದಿದ್ದ ಹುಡುಗಿಗೆ, "ಇಡೇ ಅದನ್ನ" ಎಂದಳು. ರುಮೆನಾಳ ರಟ್ಟೆ ಹಿಡಿದು ಎಬ್ಬಿಸಿದಳು.

ಸೀಟಿನ ಹತ್ತಿರ ಬಂದು ಮೊದಲು ಚೀಲವನ್ನು ಎಳೆದು ಗಗನಸಖಿಯ ಕೈಗೆ ಕೊಟ್ಟಳು. "ಹಿಂದೆ ಎಲ್ಲಾದ್ರೂ ಇಡು. ಜೋಪಾನ, ಎಲೆ ಹರೀಬಾರ್ದು." ಆಮೇಲೆ ಶಿಲುಬೆಯ ಗುರುತು ಹಾಕಿಕೊಂಡು, ಕೈ ಮೇಲೆತ್ತಿ, ರುಮೆನಾಳ ಮೂತಿ ತೆರೆದಳು. ತನ್ನದನ್ನೂ ತೆರೆದು ರುಮೆನಾಳ ಕಡೆಗೆ ತಿರುಗಿಸಿದಳು. ಗಾರೆಯವನ ಕಡೆ ನೋಡಿದಳು.

"ಏನು ನೋಡ್ತೀಯ? ಕಾಗದ ಕಿತ್ತು ಹಾಕು."

"ಅಜ್ಜಿ, ನನಗೆ ಸೊಂಟ—"

"ನಿನ್ನ ಸೊಂಟ ಮೂರು ದಿನಕ್ಕೆ ಸರಿಹೋಗುತ್ತೆ. ಬಾಣಂತಿ ಒಬ್ಬಳೇ ಇದ್ದಾಳೆ ಅಲ್ಲಿ. ಕಿತ್ತು ಹಾಕು ಅಂದ್ನಲ್ಲ!"

ಗಾರೆಯವನು ಗಲ್ಲಿಗೆ ಹಾಕುವವರ ಮುಂದೆ ನಿಂತವನ ಮುಖ ಮಾಡಿಕೊಂಡು ಕಾಗದ ಕಿತ್ತ. ಸ್ತಾಮೆನಾ ಹಿಂದಿನ ಸಾಲಿಗೆ ತಿರುಗಿದಳು, ಮುಂದಿನ ಸಾಲಿಗೆ ಬಾಗಿದಳು. ಕೆಲವರು ತೆರೆದರು. ಒಬ್ಬ ತಾಯಿ ಮಗುವಿಗೆ ಟೋಪಿ ಹಾಕಿ, ಟೋಪಿಯ ಮೇಲೆ ಶಾಲು ಕಟ್ಟಿ, ಆಮೇಲೆ ತೆರೆದಳು. ಆಚೆ ಸಾಲಿನ ಒಬ್ಬ ಮಾತ್ರ, "ನನ್ನ ಹೆಣ ಇಳಿಸಬೇಕಾಗುತ್ತೆ, ನಾನು ತೆಗೆಯಲ್ಲ" ಎಂದು ಕೊನೆಯವರೆಗೂ ತೆಗೆಯಲಿಲ್ಲ. ಅವನನ್ನು ಯಾರೂ ಬೈಯಲಿಲ್ಲ. ಎಲ್ಲರಿಗೂ ಅವನ ಕಷ್ಟ ಅರ್ಥವಾಗುತ್ತಿತ್ತು.

ರುಮೆನಾಳ ಹಣೆಗೆ, ಕೆನ್ನೆಗೆ, ಬಿಚ್ಚಿದ ಕೊರಳಿಗೆ ನಾಲ್ಕು ದಿಕ್ಕಿನಿಂದ ತಣ್ಣನೆಯ ಗಾಳಿ ಬಂದು ಬಿತ್ತು. ಅವಳು ಬಾಯಿ ತೆರೆದು ಅದನ್ನು ಕುಡಿದಳು. ಒಂದು ಉಸಿರು ಕೆಳಗಿಳಿಯಿತು. ಇನ್ನೊಂದು.

ಹುಡುಗಿ ಬಂದು ಮತ್ತೆ ಕೇಳಿದಳು, "ಅಮ್ಮಾ, ಕೊನೇ ಸಲ ಕೇಳ್ತಿದೀನಿ. ಏನು ಹೇಳಲಿ ಕ್ಯಾಪ್ಟನ್‌ಗೆ?"

ರುಮೆನಾ ಬಾಗಿಲ ಕಡೆ ನೋಡಿದಳು. ಅದು ಈಗಲೂ ಮುಚ್ಚಿತ್ತು, ಅವಳಿಗೆ ಈಗಲೂ ಅದನ್ನು ಉಗುರಿನಿಂದ ಕೆರೆದಾದರೂ ತೆರೆಯಬೇಕೆನಿಸುತ್ತಿತ್ತು. "ಹೋಗೋಣ," ಎಂದಳು. ಆ ಮಾತು ಬಾಯಿಂದ ಹೊರಬಂದದ್ದಕ್ಕೇ ಅವಳು ಬೆಚ್ಚಿದಳು.

ಭಯ ಹೋಯಿತು ಎಂದು ಯಾರೂ ತಿಳಿಯಬಾರದು. ಮಂಜು ಕರಗಿ, ವಿಮಾನ ಮೊರೆದು ಮೇಲಕ್ಕೆದ್ದಾಗ ಅವಳು ಮುದುಕಿಯ ಮೊಣಕೈಗೆ ಉಗುರು ನೆಟ್ಟಳು. ಮೋಡದೊಳಗೆ ಅದು ಕುಲುಕಿದಾಗ, ಮೇಲೆಯೂ ಕಲ್ಲಿಲ್ಲ ಕೆಳಗೆಯೂ ನೆಲವಿಲ್ಲ ಎಂದು ಹೊಳೆದು ಹೊಸದೊಂದು ಭಯ ಹುಟ್ಟಿತು. ಎರಡು ಸಲ ಮಾಳಿಗೆ ಮತ್ತೆ ಬಂತು. ಎರಡು ಸಲವೂ ಅವಳು ಮೂತಿಯ ಕೆಳಗೆ ಮುಖ ಹಿಡಿದು, ಅಂದು ಮಗಳ ಮುಖವನ್ನು ಬಾಗಿಲ ಸಂದಿಗೆ ಹಿಡಿದಂತೆ, ತನ್ನನ್ನೇ ತಾನು ಹಿಡಿದು ಕೂರಿಸಿದಳು. ಸ್ತಾಮೆನಾ ಪಕ್ಕದಲ್ಲಿ ತಲೆವಸ್ತ್ರ, ಶಾಲು, ಮೇಲೊಂದು ಸ್ವೆಟರು ಸುತ್ತಿಕೊಂಡು, ಕಣ್ಣು ಮುಚ್ಚಿ ಸಂತರ ಹೆಸರುಗಳನ್ನು ಒಂದೊಂದಾಗಿ ಕರೆಯುತ್ತಿದ್ದಳು. ಒಬ್ಬಳು ಗಾಳಿಯಿಲ್ಲದೆ ಸಾಯುತ್ತೇನೆಂದು, ಇನ್ನೊಬ್ಬಳು ಗಾಳಿಯಿಂದ ಸಾಯುತ್ತೇನೆಂದು, ಇಬ್ಬರೂ ಕೈ ಕೈ ಹಿಡಿದು ಸಮುದ್ರ ದಾಟಿದರು.

ಚಕ್ರ ನೆಲಕ್ಕೆ ತಾಗಿದಾಗ ನಮ್ಮ ಜನ ಎಂದಿನಂತೆ ಚಪ್ಪಾಳೆ ತಟ್ಟಿದರು. ಸ್ತಾಮೆನಾ ತಟ್ಟಲಿಲ್ಲ. ಬೆರಳಿನಿಂದ ತನ್ನ ಬಾಯಿಯ ಎರಡೂ ಕೊನೆ ಮುಟ್ಟಿ ನೋಡಿಕೊಂಡಳು.

"ನೆಟ್ಟಗಿದ್ಯಾ ನೋಡು."

"ನೆಟ್ಟಗಿದೆ ಅಜ್ಜಿ."

"ಕತ್ತು ಮಾತ್ರ ಹೋಯ್ತು," ಎಂದಳು ಮುದುಕಿ, ಒಂದು ಥರ ಸಮಾಧಾನದಿಂದ. "ನಾನು ಹೇಳಿರ್ಲಿಲ್ವಾ?"

ದುನ್ಯಾಳ ಮನೆ ಬಂದರಿನ ಮೇಲಿನ ಓಣಿಯಲ್ಲಿ, ಮೂರನೆಯ ಮಹಡಿ. ಲಿಫ್ಟಿತ್ತು. ರುಮೆನಾ ಪೆಟ್ಟಿಗೆ ಹೊತ್ತು ಮೆಟ್ಟಿಲು ಹತ್ತಿದಳು. ಒಂದು ದಿನಕ್ಕೆ ಒಂದು ಮುಚ್ಚಿದ ಡಬ್ಬಿ ಸಾಕು. ಬಾಗಿಲು ತೆರೆದ ದುನ್ಯಾ ಹೊಟ್ಟೆಯ ಮೇಲೆ ಕೈಯಿಟ್ಟು ಬಾಗಿ ನಿಂತಿದ್ದಳು. ತಲೆ ಬಾಚಿರಲಿಲ್ಲ. ತಾಯಿಯನ್ನು ನೋಡಿದಳು, ತಾಯಿಯ ಹಿಂದೆ ಮೆಟ್ಟಿಲನ್ನು ನೋಡಿದಳು, ಇನ್ನೂ ನಂಬಿಕೆಯಾಗದವಳಂತೆ.

"ವಿಮಾನದಲ್ಲಿ ಬಂದ್ಯಾ?"

"ಈಜ್ಕೊಂಡು ಬರೋಕಾಗುತ್ತಾ?"

ದುನ್ಯಾ ನಗಲು ಹೋಗಿ ಹೊಲಿಗೆ ನೋವಿಗೆ ಮುಖ ಕಿವಿಚಿದಳು. ನಗು ಅಲ್ಲೇ ಅಳುವಾಯಿತು. ತಾಯಿಯ ಕೊರಳಿಗೆ ಮುಖ ಒತ್ತಿ, ಚಿಕ್ಕ ಮಗುವಿನ ಹಾಗೆ, ದನಿ ತೆಗೆದು ಅತ್ತಳು.

ಒಳಗಿನ ಕೋಣೆ ತೀರ ಚಿಕ್ಕದು. ಒಂದು ಮಂಚ, ಒಂದು ತೊಟ್ಟಿಲು. ಒಂದೇ ಕಿಟಕಿ, ಅದಕ್ಕೂ ಮರದ ಕದ ಮುಚ್ಚಿ ಸಂದಿಗೆ ಬಟ್ಟೆ ತುರುಕಿತ್ತು. ಹೊರಗೆ ಸಮುದ್ರದ ಗಾಳಿ ಊಳಿಡುತ್ತಿತ್ತು. ತೊಟ್ಟಿಲಲ್ಲಿ ಅಂಗೈಯಗಲದ ಮುಖವೊಂದು ಕೆಂಪಗೆ ಮಲಗಿತ್ತು. ರುಮೆನಾ ಹೊಸ್ತಿಲಲ್ಲೇ ನಿಂತಳು. ಎದೆಯ ಮೇಲೆ ಆ ಹಳೆಯ ಭಾರ ಬಂದು ಕೂತಿತು.

ದುನ್ಯಾ ಮಂಚದ ಮೇಲೆ ಕೂತು ತಾಯಿಯ ಮುಖ ನೋಡಿದಳು.

"ಬಾಗಿಲು ತೆರೆದೇ ಇರ್ಲಿ ಬಿಡಮ್ಮ," ಎಂದಳು ಮೆಲ್ಲಗೆ. "ಮಗುಗೆ ಇನ್ನೊಂದು ಹೊದಿಕೆ ಹಾಕ್ತೀನಿ. ನನಗೆ ಅಭ್ಯಾಸ ಇದೆ."

ಹೊರಬಾಗಿಲ ಸಂದಿಯಿಂದ ನುಸುಳಿದ ಗಾಳಿ ರುಮೆನಾಳ ಕಾಲ ನಡುವೆ ಹಾದು ಕೋಣೆಗೆ ನುಗ್ಗಿತು. ತೊಟ್ಟಿಲ ಮೇಲಿನ ಪರದೆ ಅಲುಗಿತು. ಮಗು ನಿದ್ದೆಯಲ್ಲೇ ಮೂಗು ಕಿವುಚಿತು.

ರುಮೆನಾ ಒಳಗೆ ಬಂದಳು. ಒಮ್ಮೆ ತುಂಬ ಉಸಿರು ಎಳೆದುಕೊಂಡು, ತಿರುಗಿ, ತನ್ನ ಕೈಯಾರೆ ಬಾಗಿಲು ಹಾಕಿದಳು.

"ಪ್ರೊಮಾಯ," ಎಂದಳು.